ನಿಯಂತ್ರಣಮಾರ್ಗದ ಹುಡುಕಾಟವೂ ಪೇಟೆಂಟಿನ ಅರ್ಹತೆಯೂ

ಒಂದೇ ಗಣಿತವಿಧಿಯನ್ನು ಕುರಿತು ಎರಡು ದೇಶಗಳ ಅಪೀಲು ನ್ಯಾಯಾಲಯಗಳು ಒಂದಕ್ಕೊಂದು ಹೊಂದದ ನಿರ್ಣಯಗಳನ್ನು ಕೊಟ್ಟಿರುತ್ತವೆ. 2023ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ಅಪೀಲು ನ್ಯಾಯಾಲಯವು ಆ ವಿಧಿಯನ್ನೊಳಗೊಂಡ ಪೇಟೆಂಟುಗಳು ಊರ್ಜಿತವಾದುವೆಂದು ಹೇಳಿತು. 2025ರ ಆಗಸ್ಟಿನಲ್ಲಿ ಅಮೆರಿಕದ ಫೆಡರಲ್ ಸರ್ಕ್ಯೂಟ್ ಎಂಬ ಅಪೀಲು ನ್ಯಾಯಾಲಯವು, ಅದೇ ಕಲ್ಪನೆಯನ್ನು ಹೇಳುವ ಅಲ್ಲಿಯ ಪೇಟೆಂಟಿನ ಎರಡು ಹಕ್ಕುವಾಕ್ಯಗಳು ಗಣಿತಸೂತ್ರವೆಂಬ ಅಮೂರ್ತಭಾವವನ್ನೇ ಉದ್ದೇಶಿಸಿದವೆಂದು ತೀರ್ಮಾನಿಸಿತು. ಎರಡು ಕಡೆಯೂ ವಾದಿಯು ಆಪ್ಟಿಸ್ ಸೆಲ್ಯುಲರ್ ಟೆಕ್ನಾಲಜಿ, ಪ್ರತಿವಾದಿಯು ಆಪಲ್. ಪೇಟೆಂಟಿನ ಮೂಲವು ಎಲ್‌ಜಿ ಎಂಬ ಕೊರಿಯಾದೇಶದ ಕಂಪನಿ. ಯಂತ್ರಶಾಸ್ತ್ರವು ನಮ್ಮ ಕ್ಷೇತ್ರವಲ್ಲ. ಆದರೆ ಹಕ್ಕುವಾಕ್ಯವೆಂಬುದು (ಕಛೇರಿಗಳಲ್ಲಿ ಇದಕ್ಕೆ ಕ್ಲೇಮ್ ಎನ್ನುವರು) ಒಂದು ಲಕ್ಷಣವಾಕ್ಯ. ಇಂತಿಷ್ಟು ನನ್ನದು, ಇದರಾಚೆ ಲೋಕದ್ದು ಎಂದು ಮಾತಿನಿಂದಲೇ ಎಲ್ಲೆಯನ್ನು ಕಟ್ಟುವ ವಾಕ್ಯ. ಲಕ್ಷಣಗಳಲ್ಲಿ ಅವ್ಯಾಪ್ತಿ ಅತಿವ್ಯಾಪ್ತಿಗಳನ್ನು ಹುಡುಕುವುದು ತರ್ಕವನ್ನೋದಿದವರ ನಿತ್ಯದ ಕೆಲಸವಾದುದರಿಂದ ಈ ತೀರ್ಪುಗಳ ವಿಮರ್ಶೆಗೆ ಕೈಹಾಕಿರುತ್ತೇವೆ.

ಮೊದಲು ವಿಷಯವನ್ನು ತಿಳಿಯಬೇಕು. ನಾಲ್ಕನೆಯ ತಲೆಮಾರಿನದೆಂದು ಹೆಸರಾದ ಎಲ್‌ಟಿಇ ವ್ಯವಸ್ಥೆಯಲ್ಲಿ ಟವರು ಪ್ರತಿಯೊಂದು ಮಿಲಿಸೆಕೆಂಡಿಗೆ ಒಂದು ಸಲ, ತನ್ನ ವ್ಯಾಪ್ತಿಯಲ್ಲಿರುವ ಫೋನುಗಳಿಗೆ ಆಜ್ಞೆಗಳನ್ನು ಕಳುಹಿಸಬಲ್ಲುದು: ನಿನ್ನ ಮಾಹಿತಿ ಈ ಅಲೆಯ ಈ ಭಾಗದಲ್ಲಿದೆ, ಓದಿಕೊ, ನೀನು ಕಳುಹಿಸಬೇಕಾದುದನ್ನು ಆ ಭಾಗದಲ್ಲಿಡು, ಇತ್ಯಾದಿ. ಈ ಆಜ್ಞೆಗಳು ಹರಿಯುವ ದಾರಿಯೇ ನಿಯಂತ್ರಣಮಾರ್ಗ, ಎಂದರೆ ಕಂಟ್ರೋಲ್ ಚಾನೆಲ್. ಆದರೆ ಯಾವ ಫೋನಿನ ಆಜ್ಞೆಯು ಆ ಮಾರ್ಗದ ಯಾವ ಸ್ಥಾನದಲ್ಲಿದೆಯೆಂದು ಟವರು ಮುಂದಾಗಿ ಸಾರುವುದಿಲ್ಲ. ಸಾರಬೇಕೆಂದರೆ ಆ ಸಾರುವಿಕೆಗೊಂದು ಸ್ಥಾನ, ಆ ಸ್ಥಾನವನ್ನು ತಿಳಿಸಲು ಮತ್ತೊಂದು ಸಾರುವಿಕೆ, ಹೀಗೆ ಅನವಸ್ಥೆಯು ಪ್ರಾಪ್ತವಾಗುವುದು. ಆದುದರಿಂದ ಫೋನು ತಾನೇ ಹುಡುಕಬೇಕು. ಒಂದೊಂದು ಸ್ಥಾನವನ್ನೂ ಬಿಚ್ಚಿ ನೋಡಿ, ತನ್ನ ಗುರುತಿನ ಸಂಖ್ಯೆಯನ್ನು ಬೆರೆಸಿ ಕಟ್ಟಿದ 16 ಬಿಟ್ಟುಗಳ ತಾಳೆಯು ಸರಿಬಂದರೆ ಇದು ನನ್ನದು ಎಂದು ತಿಳಿಯುವುದು. ಬರದಿದ್ದರೆ ಮುಂದಿನದಕ್ಕೆ ಹೋಗುವುದು. ಯಂತ್ರಜ್ಞರು ಇದನ್ನು ಕುರುಡು ಬಿಡಿಸುವಿಕೆ ಎನ್ನುವರು.

ಎಲ್ಲ ಸ್ಥಾನಗಳನ್ನೂ ಹೀಗೆ ಪರೀಕ್ಷಿಸುವುದಾದರೆ ಬ್ಯಾಟರಿಯೂ ಸಾಲದು, ಹೊತ್ತೂ ಸಾಲದು. ಆದಕಾರಣ ಪ್ರಮಾಣಗ್ರಂಥದಲ್ಲಿ ಹುಡುಕಾಟಕ್ಕೊಂದು ಮಿತಿಯನ್ನು ಇಟ್ಟರು. ಫೋನಿಗೆ ಸ್ವಂತವಾದ ಪ್ರದೇಶದಲ್ಲಿ, ಆಜ್ಞೆಯ ಗಾತ್ರವು ಒಂದು, ಎರಡು, ನಾಲ್ಕು, ಎಂಟು ಘಟಕಗಳಾಗುವುದಕ್ಕೆ ತಕ್ಕಂತೆ, ಕ್ರಮವಾಗಿ 6, 6, 2, 2 ಸ್ಥಾನಗಳು, ಎಲ್ಲರಿಗೂ ಸಾಮಾನ್ಯವಾದ ಪ್ರದೇಶದಲ್ಲಿ 6 ಸ್ಥಾನಗಳು, ಒಟ್ಟು 22. ಒಂದೊಂದರಲ್ಲಿಯೂ ಎರಡೆರಡು ಉದ್ದದ ಆಜ್ಞೆಗಳಿಗಾಗಿ ನೋಡಬೇಕಾದುದರಿಂದ ಪ್ರಯತ್ನಗಳು 44. ಇನ್ನು ಉಳಿಯುವ ಪ್ರಶ್ನೆಯೊಂದೇ: ಫೋನಿಗೆ ಸ್ವಂತವಾದ ಆ ಪ್ರದೇಶವು ಎಲ್ಲಿಂದ ಆರಂಭವಾಗಬೇಕು? ಎರಡು ಫೋನುಗಳಿಗೆ ಒಂದೇ ಜಾಗವು ಬಂದರೆ ಒಂದಕ್ಕೆ ಆಜ್ಞೆ ಸಿಕ್ಕಿ ಇನ್ನೊಂದು ಕಾಯಬೇಕಾಗುವುದು. ಒಂದು ಸಲ ಹೀಗಾದರೆ ದೋಷವಿಲ್ಲ. ಪ್ರತಿಸಲವೂ ಅದೇ ಎರಡು ಫೋನುಗಳು ಘರ್ಷಿಸುವುದಾದರೆ ವ್ಯವಸ್ಥೆಯೇ ಕೆಟ್ಟಿತು.

ವಿವಾದದ ಸೂತ್ರವು ಈ ಪ್ರಶ್ನೆಗೆ ಉತ್ತರ. ಫೋನಿನ ಗುರುತಿನ ಸಂಖ್ಯೆಯನ್ನು 39827 ಎಂಬ ಗುಣಕದಿಂದ ಗುಣಿಸಿ 65537 ಎಂಬ ಹಾರದಿಂದ ಭಾಗಿಸಬೇಕು, ಉಳಿದ ಶೇಷವನ್ನು ಮುಂದಿನ ಮಿಲಿಸೆಕೆಂಡಿನಲ್ಲಿ ಮತ್ತೆ ಅದೇ ಗುಣಕದಿಂದ ಗುಣಿಸಿ ಅದೇ ಹಾರದಿಂದ ಭಾಗಿಸಬೇಕು, ಹೀಗೆ ಮುಂದುವರಿಯಬೇಕು. ಆಯಾ ಮಿಲಿಸೆಕೆಂಡಿನ ಶೇಷವನ್ನು ಆಗ ದೊರೆಯುವ ಸ್ಥಾನಗಳ ಸಂಖ್ಯೆಯಿಂದ ಮತ್ತೊಮ್ಮೆ ಭಾಗಿಸಿದರೆ ಉಳಿಯುವುದೇ ಹುಡುಕಾಟದ ಮೊದಲ ಸ್ಥಾನ. ಎರಡು ಭಾಗಾಹಾರಗಳೇಕೆ, ಒಂದೇ ಸಾಲದೆ ಎಂದು ಕೇಳುವವರು ಒಂದು ಲೆಕ್ಕವನ್ನು ಮಾಡಿ ನೋಡಬಹುದು. ಸೌಕರ್ಯಕ್ಕಾಗಿ ಸ್ಥಾನಗಳು 10, ಫೋನುಗಳ ಸಂಖ್ಯೆಗಳು 1 ಮತ್ತು 11 ಎಂದಿರಲಿ. ಒಂದೇ ಭಾಗಾಹಾರವನ್ನಿಟ್ಟುಕೊಂಡು ಪ್ರತಿಸಲವೂ 10ರಿಂದಲೇ ಶೇಷವನ್ನು ತೆಗೆಯುತ್ತ ಹೋದರೆ ಎರಡಕ್ಕೂ ಮೊದಲು 7, ಆಮೇಲೆ 9, ಆಮೇಲೆ 3. ಎಂದೆಂದಿಗೂ ಜೊತೆ ಬಿಡುವುದಿಲ್ಲ. ಎರಡು ಭಾಗಾಹಾರಗಳ ಕ್ರಮದಲ್ಲಿಯಾದರೋ ಮೊದಲನೆಯ ಫೋನಿನ ದೊಡ್ಡ ಶೇಷಗಳು 39827, 63455, 50028. ಎರಡನೆಯದರವು 44875, 42635, 26012. ಸ್ಥಾನಗಳನ್ನು ನೋಡಿದರೆ ಮೊದಲನೆಯದಕ್ಕೆ 7, 5, 8. ಎರಡನೆಯದಕ್ಕೆ 5, 5, 2. ಎರಡನೆಯ ಮಿಲಿಸೆಕೆಂಡಿನಲ್ಲಿ ಘರ್ಷಿಸಿ ಮೂರನೆಯದರಲ್ಲಿ ಬೇರೆಬೇರೆಯಾದುವು. ದೊಡ್ಡ ಶೇಷವು ಒಳಗೆ ಬೇರೆಯಾಗಿಯೇ ಉಳಿದು, ಹೊರಗಿನ ಚಿಕ್ಕ ಶೇಷವು ಮಾತ್ರ ಆಗಾಗ ಸಮವಾಗುವುದೇ ಇದರ ಗುಟ್ಟು.

ಶೇಷಗಣಿತವೇನೂ ಹೊಸದಲ್ಲ. ಅಹರ್ಗಣವನ್ನು ಏಳರಿಂದ ಭಾಗಿಸಿ ಉಳಿದುದರಿಂದ ವಾರವನ್ನು ತಿಳಿಯುವ ಜೋಯಿಸರು ನಮ್ಮ ಊರೂರಿನಲ್ಲಿಯೂ ಇದ್ದರು. ಗುಣಿಸಿ ಭಾಗಿಸಿ ಶೇಷವನ್ನು ಮತ್ತೆ ಗುಣಿಸುತ್ತ ಹೋಗಿ ಯದೃಚ್ಛೆಯಂತೆ ತೋರುವ ಸಂಖ್ಯೆಗಳನ್ನು ಪಡೆಯುವ ಉಪಾಯವನ್ನು ಅಮೆರಿಕದ ಲೇಮರ್ ಎಂಬ ಗಣಿತಜ್ಞನು 1949ರಲ್ಲಿಯೇ ಹೇಳಿದ್ದನು. ಅವನ ಗುಣಕ 23, ಹಾರ 100000001. ಕಂಪ್ಯೂಟರ್ ಶಾಸ್ತ್ರದಲ್ಲಿ ಪ್ರಮಾಣವೆನಿಸಿದ ಕನೂತ್ ಎಂಬವರ ಗ್ರಂಥದ ಎರಡನೆಯ ಸಂಪುಟವು 1969ರಲ್ಲಿ ಇದನ್ನು ವಿಸ್ತಾರವಾಗಿ ಶೋಧಿಸಿತು. ಹೀಗಿರುವಲ್ಲಿ 2008ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದವರು ಹೊಸದಾಗಿ ಕಂಡುದೇನು?

ಲಂಡನ್ನಿನಲ್ಲಿ ನಿರ್ಣಾಯಕವಾದುದು ಈ ಪ್ರಶ್ನೆಯೇ. 2021ರ ನವೆಂಬರಿನಲ್ಲಿ ನ್ಯಾಯಾಧೀಶ ಮೀಡ್ ಅವರು, ಪ್ರಮಾಣವನ್ನು ರಚಿಸುವ ಸಮಿತಿಯ ಮುಂದೆ ಎರಿಕ್ಸನ್ ಕಂಪನಿಯವರು ಮೊದಲೇ ಇಟ್ಟಿದ್ದ ಪ್ರಸ್ತಾವವನ್ನು ಬಲ್ಲ ಯಂತ್ರಜ್ಞನಿಗೆ ಈ ಉಪಾಯವು ಸಹಜವಾಗಿ ಹೊಳೆಯತಕ್ಕದ್ದೆಂದು ಹೇಳಿ ಪೇಟೆಂಟುಗಳನ್ನು ಅನೂರ್ಜಿತಗೊಳಿಸಿದರು. ಅಪೀಲಿನಲ್ಲಿ ಲಾರ್ಡ್ ಜಸ್ಟಿಸ್ ಬರ್ಸ್ ಅವರ ಪೀಠವು ಅದನ್ನು ತಿರುಗಿಸಿತು. ನಮಗೆ ತೋರುವಮಟ್ಟಿಗೆ ಇಲ್ಲಿ ಎರಡು ಬುದ್ಧಿವ್ಯಾಪಾರಗಳನ್ನು ಬೇರ್ಪಡಿಸಬೇಕು. ಕೊರತೆಯಿದೆಯೆಂದು ಕಂಡವನಿಗೆ ಗ್ರಂಥಭಂಡಾರದಲ್ಲಿ ಪರಿಹಾರವು ಸಿಕ್ಕುವುದು ಸುಲಭವಾಗಿರಬಹುದು. ಇದ್ದ ಪ್ರಸ್ತಾವದಲ್ಲಿ ಕೊರತೆಯಿದೆಯೆಂದು ಕಾಣುವುದೂ ಸುಲಭವೇ ಎಂಬುದು ಬೇರೆ ಮಾತು. ಪೂರ್ವಪಕ್ಷದ ದೋಷವು ತೋರಿದ ಮೇಲೆ ಸಿದ್ಧಾಂತವನ್ನು ಹೇಳಲು ಯಾವ ವಿದ್ಯಾರ್ಥಿಯೂ ಸಮರ್ಥನು. ಉತ್ತರವನ್ನು ಕೈಯಲ್ಲಿ ಹಿಡಿದು ಹಿಂದಕ್ಕೆ ನಡೆದರೆ ಎಲ್ಲ ದಾರಿಗಳೂ ನೇರವಾಗಿಯೇ ತೋರುವುವು. ಆದುದರಿಂದ ಅಪೀಲಿನ ನಿರ್ಣಯವನ್ನು ನಾವು ಒಪ್ಪುತ್ತೇವೆ. ಅಂತೂ ಲಂಡನ್ನಿನಲ್ಲಿ ಪರೀಕ್ಷೆಯಾದುದು ವಸ್ತುವಿನ ಗುಣ, ವಸ್ತುವಿನ ಜಾತಿಯಲ್ಲ.

ಅಮೆರಿಕದಲ್ಲಿ ಜಾತಿಯ ಪರೀಕ್ಷೆಯು ಮೊದಲು ಬಂದಿತು. ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಆಲಿಸ್ ಮೊಕದ್ದಮೆಯಲ್ಲಿ ಎರಡು ಮೆಟ್ಟಲುಗಳ ಪರೀಕ್ಷೆಯನ್ನು ದೃಢಪಡಿಸಿರುವುದು. ಹಕ್ಕುವಾಕ್ಯವು ಅಮೂರ್ತಭಾವವನ್ನು ಉದ್ದೇಶಿಸಿದೆಯೆ ಎಂಬುದು ಮೊದಲನೆಯ ಮೆಟ್ಟಲು; ಉದ್ದೇಶಿಸಿದ್ದರೆ, ಅದಕ್ಕೆ ಮೀರಿದ ಕಲ್ಪನಾಂಶವೇನಾದರೂ ಅಲ್ಲಿದೆಯೆ ಎಂಬುದು ಎರಡನೆಯದು. ಫೆಡರಲ್ ಸರ್ಕ್ಯೂಟು 8,019,332ನೆಯ ಪೇಟೆಂಟಿನ ಆರನೆಯ ಮತ್ತು ಏಳನೆಯ ಹಕ್ಕುವಾಕ್ಯಗಳನ್ನು ಮೊದಲನೆಯ ಮೆಟ್ಟಲಿನಲ್ಲಿ ದೋಷಯುಕ್ತವೆಂದು ಹೇಳಿ, ಎರಡನೆಯ ಮೆಟ್ಟಲನ್ನು ನೋಡುವಂತೆ ಕೆಳಗಿನ ನ್ಯಾಯಾಲಯಕ್ಕೆ ಹಿಂದಕ್ಕೆ ಕಳುಹಿಸಿತು. ಇದರಲ್ಲಿ ಘಟ್ಟಕುಟೀಪ್ರಭಾತನ್ಯಾಯವು ಸ್ಪಷ್ಟವಾಗಿ ತೋರುವುದು. ಸುಂಕವನ್ನು ತಪ್ಪಿಸಲು ರಾತ್ರಿಯೆಲ್ಲ ಅಡ್ಡದಾರಿಯಲ್ಲಿ ಬಂಡಿ ಹೊಡೆದವನಿಗೆ ಸುಂಕದ ಕಟ್ಟೆಯ ಮುಂದೆಯೇ ಬೆಳಗಾಯಿತು. ಹೊಸದೇ ಹಳೆಯದೇ, ಸುಲಭವೇ ಕಷ್ಟವೇ ಎಂಬ ವಿಚಾರಕ್ಕೆ ಇಳಿಯದೆ ಜಾತಿಮಾತ್ರದಿಂದ ತೀರಿಸೋಣವೆಂದು ಹೊರಟರೆ, ಎರಡನೆಯ ಮೆಟ್ಟಲಿನಲ್ಲಿ ಕಲ್ಪನಾಂಶವೇನೆಂಬ ಅದೇ ವಿಚಾರವು ಎದುರಾಗುವುದು.

ಆ ಜಾತಿನಿರ್ಣಯವಾದರೂ ಸರಿಯೆ? ಅಮೆರಿಕದ ಪೂರ್ವನಿರ್ಣಯಗಳಲ್ಲಿ ಇದಕ್ಕೆ ಎರಡು ದೃಷ್ಟಾಂತಗಳುಂಟು. 1978ರ ಫ್ಲೂಕ್ ಮೊಕದ್ದಮೆಯಲ್ಲಿ ರಾಸಾಯನಿಕ ಕ್ರಿಯೆಯೊಂದರ ಅಪಾಯಸೂಚನೆಯ ಮಿತಿಯನ್ನು ಲೆಕ್ಕಮಾಡಿ ತಿದ್ದುವ ಕ್ರಮಕ್ಕೆ ಪೇಟೆಂಟು ಸಲ್ಲದೆಂದರು. 1981ರ ಡೀರ್ ಮೊಕದ್ದಮೆಯಲ್ಲಿ ಗೊತ್ತಿದ್ದ ಸಮೀಕರಣದಿಂದ ಹೊತ್ತನ್ನೆಣಿಸಿ ರಬ್ಬರಿನ ಅಚ್ಚನ್ನು ತಕ್ಕ ಕಾಲಕ್ಕೆ ತೆರೆಯುವ ಕ್ರಮಕ್ಕೆ ಸಲ್ಲುವುದೆಂದರು. ಇವೆರಡಕ್ಕೂ ಭೇದವಿರುವುದು ಲೆಕ್ಕದ ಫಲದಲ್ಲಿ. ಒಂದರಲ್ಲಿ ಲೆಕ್ಕದ ಫಲವು ಇನ್ನೊಂದು ಸಂಖ್ಯೆ; ಮತ್ತೊಂದರಲ್ಲಿ ಅಚ್ಚು ತೆರೆದು ರಬ್ಬರು ಹೊರಬರುವುದು. ಪ್ರಕೃತ ಹಕ್ಕುವಾಕ್ಯವು ಗ್ರಾಹಕವುಳ್ಳದ್ದೂ ಸಂಕೇತವನ್ನು ಬಿಡಿಸುವ ಅಂಗವುಳ್ಳದ್ದೂ ಆದ ಒಂದು ಫೋನನ್ನು ಹೇಳುತ್ತದೆ. ಲೆಕ್ಕವು ತೋರಿಸಿದ ಸ್ಥಾನದಲ್ಲಿ ಆ ಫೋನು ಅಲೆಯನ್ನು ಬಿಡಿಸುವುದು. ಇಲ್ಲಿ ಲೆಕ್ಕವು ಕ್ರಿಯೆಗೆ ಅಂಗ. ಕ್ರಿಯೆಯು ಲೆಕ್ಕಕ್ಕೆ ಅಂಗವಲ್ಲ. ಅಂಗವನ್ನು ಅಂಗಿಯೆಂದು ಎಣಿಸಿದುದೇ ಈ ತೀರ್ಪಿನಲ್ಲಿ ನಮಗೆ ಕಾಣುವ ದೋಷ.

ಇದಕ್ಕಿಂತ ಗುರುತರವಾದ ದೋಷವು ಅದೇ ನ್ಯಾಯಾಲಯದ ಇನ್ನೊಂದು ತೀರ್ಪಿನ ಪಕ್ಕದಲ್ಲಿ ಇದನ್ನಿಟ್ಟರೆ ತೋರುವುದು. 2020ರ ಏಪ್ರಿಲಿನಲ್ಲಿ ಯೂನಿಲಾಕ್ ಎಂಬ ಕಂಪನಿಯ ಪೇಟೆಂಟು ಅವರ ಮುಂದೆ ಬಂದಿತ್ತು. ಬ್ಲೂಟೂತಿನಂತಹ ವ್ಯವಸ್ಥೆಯಲ್ಲಿ, ಸುತ್ತಲಿನ ಯಂತ್ರಗಳನ್ನು ವಿಚಾರಿಸುವ ಸಂದೇಶಕ್ಕೇ ಇನ್ನೊಂದು ಕಟ್ಟನ್ನು ಸೇರಿಸಿ, ಯಾವ ಯಂತ್ರಕ್ಕೆ ಹೇಳುವುದಿದೆಯೆಂದು ಅದರಲ್ಲಿ ಕೇಳುವ ಕ್ರಮವದು. ಇದರಿಂದ ಕಾಯುವ ಹೊತ್ತು ಕಡಿಮೆಯಾಗುವುದು, ಇದು ವ್ಯವಸ್ಥೆಯ ಸುಧಾರಣೆಯೇ ಹೊರತು ಅಮೂರ್ತಭಾವವಲ್ಲ ಎಂದು ಹೇಳಿ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಒಪ್ಪೋಣ. ಆದರೆ ಅಲ್ಲಿ ಸುಧಾರಣೆಯೆನಿಸಿದುದು ಇಲ್ಲಿ ಅಮೂರ್ತವಾದುದು ಯಾತರಿಂದ? ಎರಡೂ ಕಡೆ ಫೋನು ತನಗೆ ಬಂದ ಮಾತನ್ನು ಬೇಗ ಕಂಡುಹಿಡಿಯುವುದೇ ಪ್ರಯೋಜನ. ಒಂದರಲ್ಲಿ ಗುಣಾಕಾರ ಭಾಗಾಹಾರಗಳು ವಾಕ್ಯದೊಳಗೇ ಬರೆದಿವೆ, ಇನ್ನೊಂದರಲ್ಲಿ ಬರೆದಿಲ್ಲ. ಆದುದರಿಂದ ತನ್ನ ಕ್ರಮವನ್ನು ಅಂಕೆಗಳಿಂದ ನಿಷ್ಕೃಷ್ಟವಾಗಿ ಹೇಳಿದವನಿಗೆ ಸಂದೇಹ. ಮಾತಿನಲ್ಲಿ ಸುತ್ತಿ ಹೇಳಿದವನಿಗೆ ಮನ್ನಣೆ. ಲಕ್ಷಣವು ಸ್ಪಷ್ಟವಾದಷ್ಟೂ ಅದನ್ನು ಹೇಳಿದವನಿಗೆ ಹಾನಿ ಎಂಬ ಶಾಸ್ತ್ರವನ್ನು ನಾವು ಬೇರೆಲ್ಲಿಯೂ ಕಂಡುದಿಲ್ಲ. ಪೇಟೆಂಟೆಂಬುದು ಒಂದು ಒಡಂಬಡಿಕೆ: ಗುಟ್ಟನ್ನು ಲೋಕಕ್ಕೆ ಬಿಚ್ಚಿಹೇಳಿದವನಿಗೆ ಇಪ್ಪತ್ತು ವರ್ಷಗಳ ಹಕ್ಕು. ಬಿಚ್ಚಿಹೇಳುವುದೇ ಅಪರಾಧವಾದರೆ ನಾಳೆ ಅರ್ಜಿ ಬರೆಯುವ ವಕೀಲರು ಸೂತ್ರವನ್ನು ವಿವರಣೆಯ ಮೂಲೆಯಲ್ಲಿ ಅಡಗಿಸಿ, ಹಕ್ಕುವಾಕ್ಯದಲ್ಲಿ "ತಕ್ಕ ಸ್ಥಾನವನ್ನು ಗೊತ್ತುಮಾಡುವ ಅಂಗ" ಎಂದು ಬರೆದು ಕೈತೊಳೆದುಕೊಳ್ಳುವರು. ಆ ವಾಕ್ಯವು ಸೂತ್ರಕ್ಕಿಂತ ನೂರುಪಾಲು ದೊಡ್ಡ ಹೊಲವನ್ನು ಬೇಲಿಯೊಳಗೆ ಹಾಕಿಕೊಳ್ಳುವುದು.

ಹಾಗೆಂದು ಆರನೆಯ ಹಕ್ಕುವಾಕ್ಯವು ನಿರ್ದುಷ್ಟವೆಂದು ನಾವು ಹೇಳುವುದಿಲ್ಲ. ಅದರಲ್ಲಿ ಗುಣಕಹಾರಗಳು ಇಂತಹವೇ ಎಂದಿಲ್ಲ. ಮೊದಲೇ ಗೊತ್ತುಮಾಡಿದ ಸ್ಥಿರಸಂಖ್ಯೆಗಳು ಎಂದಷ್ಟೇ ಇದೆ. ಏಳನೆಯದರಲ್ಲಿ 39827, 65537 ಎಂದು ಸಂಖ್ಯೆಗಳನ್ನೇ ಹೇಳಿದೆ. ಗುಣಕವು 1 ಆದರೆ ಶೇಷವು ಬದಲಾಗದೆ ನಿಂತಲ್ಲೇ ನಿಲ್ಲುವುದು, ಘರ್ಷಣೆಯೂ ನಿತ್ಯವಾಗುವುದು. ಆದರೂ 1 ಎಂಬುದೂ ಸ್ಥಿರಸಂಖ್ಯೆಯೇ. ಪ್ರಯೋಜನವಿಲ್ಲದ ಲಕ್ಷ್ಯಗಳನ್ನೂ ಒಳಗೆ ಸೇರಿಸಿಕೊಂಡುದರಿಂದ ಇದು ಅತಿವ್ಯಾಪ್ತಿ. 65537ರ ಆಯ್ಕೆಯು ಆಕಸ್ಮಿಕವಲ್ಲ: ಅದು ಅವಿಭಾಜ್ಯ, 16 ಬಿಟ್ಟುಗಳ ಯಾವ ಗುರುತಿನ ಸಂಖ್ಯೆಗಿಂತಲೂ ದೊಡ್ಡದು, ಆದಕಾರಣ ಬೇರೆಬೇರೆ ಫೋನುಗಳ ದೊಡ್ಡ ಶೇಷಗಳು ಎಂದಿಗೂ ಒಂದಾಗಲಾರವು, ಸೊನ್ನೆಯೂ ಆಗಲಾರವು. ಈ ಗುಣವನ್ನು ಹೇಳದೆ ಬರಿಯ "ಸ್ಥಿರಸಂಖ್ಯೆ" ಎಂದವನು ತಾನು ಕಂಡುದಕ್ಕಿಂತ ಹೆಚ್ಚಿಗೆ ಕೇಳುತ್ತಾನೆ. ತಂತಿಯನ್ನು ಕಂಡುಹಿಡಿದ ಮೋರ್ಸನು ಹಿಂದೆ ಇದನ್ನೇ ಮಾಡಿದನು. ದೂರದಲ್ಲಿ ಅಕ್ಷರಗಳನ್ನು ಮೂಡಿಸಲು ವಿದ್ಯುಚ್ಛಕ್ತಿಯನ್ನು ಯಾವ ವಿಧವಾಗಿ ಬಳಸಿದರೂ ತನ್ನದೇ ಎಂದ ಅವನ ಎಂಟನೆಯ ಹಕ್ಕುವಾಕ್ಯವನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1854ರಲ್ಲಿ ತಳ್ಳಿಹಾಕಿ, ಅವನು ನಿಜವಾಗಿ ಮಾಡಿತೋರಿಸಿದುದನ್ನು ಅವನಿಗೆ ಉಳಿಸಿತು. ಆ ವಿವೇಕವನ್ನು ಇಲ್ಲಿಯೂ ಅನುಸರಿಸಬಹುದಾಗಿತ್ತು. ಆರು ಏಳುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದುದು ಉಚಿತವಾಗಿ ತೋರುವುದಿಲ್ಲ.

ಇಲ್ಲೊಂದು ಆಕ್ಷೇಪವುಂಟು, ಅದು ಬಲವಾದುದು. ಎರಡು ಸಂಖ್ಯೆಗಳಿಗೆ ಮಾತ್ರ ಹಕ್ಕು ಕೊಟ್ಟರೆ ಲೋಕಕ್ಕೇನು ನಷ್ಟ, ಬೇರೆ ಸಂಖ್ಯೆಗಳನ್ನು ಬಳಸಬಹುದಲ್ಲ ಎಂದು ನಾವು ಹೇಳುವಂತಿಲ್ಲ. ಏತಕ್ಕೆಂದರೆ ಅವೇ ಎರಡು ಸಂಖ್ಯೆಗಳು ಎಲ್‌ಟಿಇ ಪ್ರಮಾಣಗ್ರಂಥದಲ್ಲಿ ಅಚ್ಚಾಗಿವೆ. ಟವರು ಒಂದು ಲೆಕ್ಕದಿಂದ ಆಜ್ಞೆಯನ್ನಿಟ್ಟು ಫೋನು ಇನ್ನೊಂದರಿಂದ ಹುಡುಕಿದರೆ ಇಬ್ಬರೂ ಎಂದಿಗೂ ಸೇರರು. ಅರ್ಥದಲ್ಲಿ ಕಿರಿದಾದ ಹಕ್ಕು ಪ್ರಮಾಣದೊಳಗೆ ಸೇರಿದೊಡನೆ ಫಲದಲ್ಲಿ ಸರ್ವವ್ಯಾಪಿಯಾಗುವುದು. ಆ ವ್ಯವಸ್ಥೆಯ ಫೋನನ್ನು ಮಾಡುವವರೆಲ್ಲರೂ ಅದಕ್ಕೆ ಕಂದಾಯ ಕೊಡಬೇಕಾಗುವುದು, ಕೊಳ್ಳುವವರ ಮೇಲೆ ಅದು ಬೀಳುವುದು. ಆದರೂ ಈ ದೋಷವು ಸೂತ್ರದ ಜಾತಿಯಿಂದ ಬಂದುದಲ್ಲ. ಕಬ್ಬಿಣದ ತಿರುಪಿನ ಅಳತೆಯೊಂದನ್ನು ಪ್ರಮಾಣಗ್ರಂಥದಲ್ಲಿ ಸೇರಿಸಿದರೂ ಹೀಗೆಯೇ ಆಗುವುದು. ಆದುದರಿಂದ ಮದ್ದನ್ನು ಬೆಲೆಯ ಕಡೆಯಲ್ಲಿ ಹುಡುಕಬೇಕು. ಪ್ರಮಾಣಕ್ಕೆ ಅವಶ್ಯವಾದ ಪೇಟೆಂಟುಗಳುಳ್ಳವರು ನ್ಯಾಯವಾದ, ಪಕ್ಷಪಾತವಿಲ್ಲದ ದರಕ್ಕೆ ಎಲ್ಲರಿಗೂ ಅನುಮತಿ ಕೊಡುವೆವೆಂದು ಮಾತುಕೊಟ್ಟಿರುವರು. ಆ ದರವನ್ನು ಕಟ್ಟುವ ವಿದ್ಯೆಯು ಇನ್ನೂ ಎಷ್ಟು ಎಳೆಯದೆಂಬುದಕ್ಕೆ ಇದೇ ಕಕ್ಷಿಗಾರರ ವ್ಯಾಜ್ಯವೇ ಸಾಕ್ಷಿ: ಲಂಡನ್ನಿನ ನ್ಯಾಯಾಲಯವು 2023ರಲ್ಲಿ 5 ಕೋಟಿ 64 ಲಕ್ಷ ಡಾಲರುಗಳೆಂದು ಗೊತ್ತುಮಾಡಿದುದನ್ನು ಅಪೀಲು ನ್ಯಾಯಾಲಯವು 2025ರಲ್ಲಿ 50 ಕೋಟಿ 20 ಲಕ್ಷಕ್ಕೆ ಏರಿಸಿತು. ಅಮೆರಿಕದಲ್ಲಿ 2020ರಲ್ಲಿ ಜೂರಿಯವರು 50 ಕೋಟಿ 60 ಲಕ್ಷವೆಂದರು, 2021ರಲ್ಲಿ 30 ಕೋಟಿ ಎಂದರು, 2025ರಲ್ಲಿ ಅದೂ ರದ್ದಾಯಿತು. ಒಂದೇ ಸರಕಿಗೆ ಒಬ್ಬ ತೂಗುವವನು ಹೇಳಿದುದಕ್ಕೆ ಇನ್ನೊಬ್ಬನು ಒಂಬತ್ತರಷ್ಟು ಹೇಳುವಲ್ಲಿ ಜಾತಿವಿಚಾರವನ್ನು ಬೆಳೆಸುತ್ತ ಕುಳಿತಿರುವುದು ಕಾಕದಂತಪರೀಕ್ಷೆಗೆ ಸಮಾನ.

ಇನ್ನು ನಮ್ಮ ದೇಶದ ಕಾನೂನು. 1970ರ ಪೇಟೆಂಟು ಆಕ್ಟಿನ 3ನೆಯ ಸೆಕ್ಷನ್ನಿನ ಕೆ ಎಂಬ ಉಪವಾಕ್ಯವು, 2002ರ ತಿದ್ದುಪಡಿಯ ಮೇರೆಗೆ, ನಾಲ್ಕನ್ನು ಪೇಟೆಂಟಿನಿಂದ ಹೊರಗಿಡುವುದು: ಗಣಿತಕ್ರಮ, ವ್ಯಾಪಾರಕ್ರಮ, ಕೇವಲ ಕಂಪ್ಯೂಟರ್ ಪ್ರೋಗ್ರಾಮು, ಆಲ್ಗರಿದಮ್ಮುಗಳು. ಇಲ್ಲಿ "ಕೇವಲ" ಎಂದು ನಾವು ಹೇಳಿದ "ಪರ್ ಸೆ" ಎಂಬ ವಿಶೇಷಣವು ಮೂಲದಲ್ಲಿ ಪ್ರೋಗ್ರಾಮಿನ ಬಳಿಯಲ್ಲಿ ನಿಂತಿರುವುದು. ಅದು ಉಳಿದ ಮೂರಕ್ಕೂ ಅನ್ವಯಿಸುವುದೆ? ಯೂರೋಪಿನ ಒಪ್ಪಂದದ 52ನೆಯ ವಿಧಿಯಲ್ಲಿ ಈ ಸಂಶಯಕ್ಕೆ ಎಡೆಯಿಲ್ಲ. ಅಲ್ಲಿ ಆ ಅರ್ಥದ ಮಾತನ್ನು ಪ್ರತ್ಯೇಕ ವಾಕ್ಯದಲ್ಲಿಟ್ಟು ಗಣಿತವೂ ಸೇರಿದಂತೆ ಎಲ್ಲಕ್ಕೂ ಹೊಂದಿಸಿದೆ. ನಮ್ಮಲ್ಲಿ ಮೀಮಾಂಸಕರು ಅನುಷಂಗವೆಂದು ಕರೆಯುವ ಕ್ರಮದಿಂದ ವಿಶೇಷಣವನ್ನು ಎಳೆದು ತರಬೇಕು. ಆಕಾಂಕ್ಷೆಯು ಸಮಾನವಾಗಿದ್ದರೆ ಅನುಷಂಗವು ಸಲ್ಲುವುದು. ಆದರೆ "ಅಥವಾ" ಎಂದು ಒಂದೊಂದನ್ನೂ ಬೇರೆಬೇರೆಯಾಗಿ ಮುಗಿಸಿದ ವಾಕ್ಯದಲ್ಲಿ ಆಕಾಂಕ್ಷೆಯು ಉಳಿಯುವುದೇ ಎಂಬುದು ವಿಚಾರಾರ್ಹ. ದೆಹಲಿಯ ಹೈಕೋರ್ಟು 2019ರಲ್ಲಿ ಫೆರಿದ್ ಅಲ್ಲಾನಿಯವರ ಮೊಕದ್ದಮೆಯಲ್ಲಿ, ನಿಜವಾದ ಯಾಂತ್ರಿಕ ಫಲವನ್ನು ಕೊಡುವ ಕಲ್ಪನೆಗಳು ಪ್ರೋಗ್ರಾಮಿನಿಂದ ನಡೆಯುವುವೆಂಬ ಮಾತ್ರಕ್ಕೆ ತಿರಸ್ಕಾರ್ಯವಲ್ಲವೆಂದಿತು. ಅದೇ ಹೈಕೋರ್ಟು 2023ರಲ್ಲಿ ಓಪನ್‌ಟಿವಿ ಮೊಕದ್ದಮೆಯಲ್ಲಿ, ವ್ಯಾಪಾರಕ್ರಮಕ್ಕೆ ಆ ವಿಶೇಷಣವು ಅಂಟುವುದಿಲ್ಲ, ಅದರ ನಿಷೇಧವು ನಿರಪವಾದವಾದುದು ಎಂದಿತು. ಈ ಎರಡನೆಯ ಅನ್ವಯವನ್ನೇ ಗಣಿತಕ್ರಮಕ್ಕೂ ಆಲ್ಗರಿದಮ್ಮಿಗೂ ಹಿಡಿದರೆ ನಿಯಂತ್ರಣಮಾರ್ಗದ ಹುಡುಕಾಟವನ್ನು ಹೇಳುವ ಅರ್ಜಿಗಳಲ್ಲಿ ಬಹುಭಾಗವು ಬಾಗಿಲಲ್ಲೇ ನಿಲ್ಲಬೇಕಾದೀತು. ಲೆಕ್ಕವಿಲ್ಲದೆ ಹುಡುಕುವ ಫೋನೊಂದಿಲ್ಲ.

ನಮ್ಮ ಅಭಿಪ್ರಾಯದಲ್ಲಿ ಅನ್ವಯವನ್ನು ಎಳೆದಾಡದೆಯೇ ಇದಕ್ಕೊಂದು ದಾರಿಯುಂಟು. ನಿಷಿದ್ಧವಾದುದು ಗಣಿತಕ್ರಮ, ಗಣಿತವನ್ನು ಅಂಗವಾಗಿ ಉಳ್ಳ ಅಲೆಗ್ರಹಣಕ್ರಮವು ಗಣಿತಕ್ರಮವೇ ಅಲ್ಲ. ಉಪ್ಪು ಬೆರೆತ ಮಾತ್ರಕ್ಕೆ ಸಾರನ್ನು ಉಪ್ಪೆಂದು ಯಾರೂ ಕರೆಯರು. ಹೀಗೆ ಹಿಡಿದರೆ ಏಳನೆಯ ಹಕ್ಕುವಾಕ್ಯದಂತಹುದು ನಮ್ಮ ಕಛೇರಿಗಳಲ್ಲಿ ಜಾತಿಪರೀಕ್ಷೆಯನ್ನು ದಾಟಿ, ಹೊಸತನದ ಮತ್ತು ಕಲ್ಪನಾಂಶದ ಪರೀಕ್ಷೆಗೆ ನಿಲ್ಲಬಹುದು. ಆರನೆಯದರಂತಹುದನ್ನು ಅದರ ಅತಿವ್ಯಾಪ್ತಿಯ ಕಾರಣದಿಂದಲೇ ತಿದ್ದಿ ಬರೆಯುವಂತೆ ಪರೀಕ್ಷಕರು ಹೇಳಬಹುದು. ಆ ಉಪವಾಕ್ಯವನ್ನು ಶಾಸನಸಭೆಯು ಮತ್ತೆ ಕೈಗೆತ್ತಿಕೊಳ್ಳುವ ಕಾಲವು ಬಂದರೆ "ಪರ್ ಸೆ" ಎಂಬ ಪದವನ್ನು ವಾಕ್ಯದ ನಡುವಿನಿಂದ ಕೊನೆಗೆ ಸರಿಸಿದರೂ ಸಾಕು. ಒಂದು ಪದದ ಸ್ಥಾನಪಲ್ಲಟದಿಂದ ನಾಲ್ಕಕ್ಕೂ ಸಮಾನವಾದ ಅನ್ವಯವು ದೊರೆಯುವುದು.